ಮಶಾಕಸಾಬನ ಬೋಟು, ಅಬಿದಾಳ ಕೂಗು

ಅಗರಖೇಡದ ಎಂಜಿನ್ ಮಿಸ್ತ್ರಿ ಮಶಾಕಸಾಬ ಮೋಟಾರ್ ಬೋಟು ಕೊಳ್ಳುತ್ತಾನಂತೆ ಎಂಬ ಸುದ್ದಿ ಹಬ್ಬಿದಾಗ ಊರು ಮೊದಲು ನಂಬಲಿಲ್ಲ, ನಂಬಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಏನು ಮಾಡೀತು? ಭೀಮಾ ಹೊಳೆಯ ದಂಡೆಯಲ್ಲೇ ಹುಟ್ಟಿ ನಲವತ್ತು ವರ್ಷ ಕಳೆದ ಈ ಮನುಷ್ಯ ಮೊಣಕಾಲಿನ ಮೇಲೆ ನೀರು ಬಂದರೆ ಹಿಂದಕ್ಕೆ ಸರಿಯುವವನು. ಹೊಳೆಗೆ ಹಚ್ಚಿದ ಪಂಪಿನ ಎಂಜಿನ್ನು ಕೆಟ್ಟರೆ ಅದನ್ನು ನಾಲ್ಕು ಮಂದಿಯಿಂದ ಮೇಲಕ್ಕೆ ಹೊರಿಸಿ, ಬೇವಿನ ಗಿಡದ ನೆರಳಲ್ಲಿ ಇಟ್ಟುಕೊಂಡು ರಿಪೇರಿ ಮಾಡುತ್ತಿದ್ದ. ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರು ಇಂಡಿ, ಸಿಂದಗಿ ಎರಡೂ ತಾಲೂಕಿನಲ್ಲಿ ಇರಲಿಲ್ಲ. ಎಂಜಿನ್ನನ್ನು ಬಿಚ್ಚುವ ಮೊದಲೇ, ಕಣ್ಣು ಮುಚ್ಚಿ ಅದರ ಸದ್ದು ಕೇಳಿ, ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಅಂಥ ಕಿವಿ ಅವನದು. ಆ ಕಿವಿಯೇ ಅವನನ್ನು ಮೂರು ವರ್ಷದಿಂದ ತಿನ್ನುತ್ತಿತ್ತು ಎಂಬುದು ಹೆಂಡತಿ ರೋಷನಬಿಯ ಹೊರತು ಯಾರಿಗೂ ಗೊತ್ತಿರಲಿಲ್ಲ.

ಅವನಿಗೆ ಅಬಿದಾ ಎಂಬ ಒಬ್ಬಳೇ ತಂಗಿ ಇದ್ದಳು. ಚಿಕ್ಕವಳಿದ್ದಾಗ ಮನೆಯ ಮಾಳಿಗೆ ಏರಿ ನಿಂತು, “ಅಣ್ಣಾ, ಉಣ್ಣಾಕ ಬಾರೋ...” ಎಂದು ಕೊನೆಯ ಅಕ್ಷರವನ್ನು ಮೇಲಕ್ಕೆತ್ತಿ ಎಳೆದು ಕರೆಯುತ್ತಿದ್ದಳು. ಮೂರು ಹೊಲದ ಆಚೆಗೂ ಆ ಕೂಗು ಕೇಳುತ್ತಿತ್ತು. ಬೆಳೆದ ಮೇಲೆ ಅವಳನ್ನು ಹೊಳೆಯ ಆಚೆ ದಡದ ಹಳ್ಳಿಗೆ ಕೊಟ್ಟರು. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ತವರಿಗೆ ಬರುತ್ತಿದ್ದಳು, ಮಳೆಗಾಲದಲ್ಲಿ ಖಂಡೆಪ್ಪನ ಹರಿಗೋಲು ಹತ್ತಿ ಬರುತ್ತಿದ್ದಳು.

ಈ ಖಂಡೆಪ್ಪ ಅಂಬಿಗರವನು, ಮಶಾಕಸಾಬನಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಅಪ್ಪನಿಂದ ಬಂದ ಹರಿಗೋಲಿನ ಜೊತೆಗೆ ಅಪ್ಪನಿಂದ ಬಂದ ಒಂದು ನಿಯಮವನ್ನೂ ಅವನು ಪಾಲಿಸಿಕೊಂಡು ಬಂದಿದ್ದ. ಹೊತ್ತು ಮುಳುಗಿದ ಮೇಲೆ ಆಚೆ ದಡದಿಂದ ಯಾರಾದರೂ ಕೂಗಿದರೆ ಮೊದಲ ಕೂಗಿಗೆ ಏಳಬಾರದು, ಎರಡನೆಯದಕ್ಕೂ ಏಳಬಾರದು. ಮೂರನೆಯದು ಬಂದ ಮೇಲೆ ಹಗ್ಗ ಬಿಚ್ಚಬೇಕು. ಹೊಳೆಯಲ್ಲಿ ಸತ್ತವರು ಎರಡು ಸಲ ಕೂಗಬಲ್ಲರಂತೆ, ಮೂರನೆಯ ಕೂಗು ಅವರ ಗಂಟಲಿನಿಂದ ಹೊರಡುವುದಿಲ್ಲವಂತೆ. ಅಲ್ಲಿಯವರೆಗೆ ‘ಓ’ ಎಂದು ಓಗೊಡುವುದೂ ತಪ್ಪು, ಓಗೊಟ್ಟವನನ್ನು ಹೊಳೆ ಬಿಡುವುದಿಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಆಚೆ ದಡದಲ್ಲಿ ಬಂಧುಬಳಗ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಎಪ್ಪತ್ತೆರಡರ ಬರ ಕಳೆದು, ಎಪ್ಪತ್ತಮೂರರ ಭಾದ್ರಪದದಲ್ಲಿ ಹೊಳೆ ದಡ ತುಂಬಿ ಬಂತು. ಅಬಿದಾ ಆಗ ಏಳು ತಿಂಗಳ ಬಸುರಿ. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದ. ಚೊಚ್ಚಲ ಹೆರಿಗೆಗೆ ಹೋಗಿ ಕರೆತರಬೇಕಾದವನು ಅಣ್ಣ. ಅಣ್ಣನೋ, ಹೊಳೆ ಇಳಿಯಲಿ, ಇಳಿದ ಮೇಲೆ ಹೋಗೋಣ ಎಂದು ವಾರದಿಂದ ವಾರಕ್ಕೆ ದೂಡುತ್ತಿದ್ದ. ಕಾದು ಬೇಸತ್ತು ಅವಳೇ ಬಟ್ಟೆಯ ಗಂಟು ಕಟ್ಟಿಕೊಂಡು ಯಾರದೋ ಬಂಡಿಯಲ್ಲಿ ದಡದವರೆಗೆ ಬಂದು ಇಳಿದಳು. ಬಂಡಿಯವನು ಮೋಡ ನೋಡಿ ತಿರುಗಿ ಹೋದ.

ಆ ಸಂಜೆ ಮಶಾಕಸಾಬ ಖಂಡೆಪ್ಪನ ಜೊತೆ ಈಚೆ ದಡದಲ್ಲಿ ಬೀಡಿ ಸೇದುತ್ತ ಕೂತಿದ್ದ. ಹೊತ್ತು ಮುಳುಗಿ ಸ್ವಲ್ಪವೇ ಆಗಿತ್ತು. “ಹರಗೋಲ ತರ್ರೋ...” ಎಂಬ ಕೂಗು ನೀರಿನ ಮೇಲೆ ತೇಲಿ ಬಂತು. ಕೊನೆಯ ಅಕ್ಷರ ಮೇಲಕ್ಕೆ ಎದ್ದಿತ್ತು. ಇಬ್ಬರೂ ಸುಮ್ಮನೆ ಕೂತರು. ಇನ್ನೊಮ್ಮೆ ಬಂತು. ಖಂಡೆಪ್ಪ ಬೀಡಿ ಕೆಳಗಿಳಿಸಿದ.

“ಮಶಾಕ, ನಿನ್ನ ತಂಗಿ ದನಿ ಏನೋ ನೋಡು. ನೀ ಹೌದಂದ್ರ ಬಿಚ್ಚತೇನಿ. ಆದ್ರ ಹರಗೋಲದ ತೊಗಲು ಸೋರಾಕತ್ತೈತಿ, ನೀರು ಎತ್ತಿ ಚೆಲ್ಲಾಕ ನೀನೂ ಬರಬೇಕಾಗ್ತೈತಿ.”

ಮಶಾಕಸಾಬ ನೀರಿನ ಕಡೆ ನೋಡಿದ. ಕೆಂಪು ನೀರು, ಬುಡಸಮೇತ ಕಿತ್ತ ಜಾಲಿಗಿಡಗಳು ಹೊರಳಾಡುತ್ತ ಹೋಗುತ್ತಿದ್ದವು. ಎಂಜಿನ್ನಿನ ಒಳಗಿನ ಒಂದು ಚೂರು ಸಡಿಲಾದದ್ದನ್ನು ಹಿಡಿಯುವ ಕಿವಿಗೆ ಒಡಹುಟ್ಟಿದವಳ ದನಿ ತಿಳಿಯದೆ ಹೋದೀತೇ? ತಿಳಿದಿತ್ತು.

“ಆಕೀದಲ್ಲ ಬಿಡು ಕಾಕಾ,” ಎಂದ. “ಮೂರನೇದು ಬರ್ಲಿ.”

ಮೂರನೆಯದು ಬರಲಿಲ್ಲ.

ಬೆಳಗ್ಗೆ ಆಚೆ ದಡದವರು ನೋಡಿದಾಗ ಬಟ್ಟೆಯ ಗಂಟು ಬಿದ್ದಿತ್ತು. ಅಲ್ಲಿಂದ ಹೆಜ್ಜೆ ದಂಡೆಯ ತುದಿಗೆ ಹೋಗಿತ್ತು, ತುದಿಯೇ ಇರಲಿಲ್ಲ. ಎರೆಮಣ್ಣಿನ ದಂಡೆ ಹಾಗೆಯೇ, ಮೇಲೆ ಗಟ್ಟಿ ಕಂಡರೂ ಅಡಿಯಲ್ಲಿ ಹೊಳೆ ಕೊರೆದಿರುತ್ತದೆ. ಈಚೆಯವರಿಗೆ ಕೇಳಿಸಲಿಲ್ಲವೇನೋ ಎಂದು ಅವಳು ಮುಂದಕ್ಕೆ ಬಂದು ನಿಂತಿದ್ದಳು. ಮೂರನೆಯ ದಿನ ಎರಡು ಹರದಾರಿ ಕೆಳಗೆ ಮರಳದಿಬ್ಬದ ಮೇಲೆ ಸಿಕ್ಕಳು. ಅವಳ ಹಣೆಬರಹ ಎಂದರು ಹಿಂದೂಗಳು, ನಸೀಬು ಎಂದರು ಮುಸಲ್ಮಾನರು. ಮಶಾಕಸಾಬನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹರಿಗೋಲು ಹೋಗುವುದು ಹಾಗಿರಲಿ, ಈಚೆಯಿಂದ ಒಬ್ಬ ಗಂಡಸು ‘ಓ, ಕೇಳ್ತು, ಹಿಂದ ಸರಿ’ ಎಂದು ಒದರಿದ್ದರೂ ಅವಳು ಸರಿದು ಕೂತಿರುತ್ತಿದ್ದಳು. ಬಾಯಿಯೊಳಗಿನ ಒಂದು ಅಕ್ಷರಕ್ಕೆ ಎರಡು ಜೀವ ಹೋದವು.

ಅಂದಿನಿಂದ ಪ್ರತಿ ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಮಶಾಕಸಾಬನಿಗೆ ಆ ಕೂಗು ಕೇಳತೊಡಗಿತು. ಸರಿಯಾಗಿ ಎರಡು ಸಲ. ಊರಲ್ಲಿದ್ದರೂ ಅಷ್ಟೇ, ಹೊರ್ತಿ ಎಂಬ ಊರಿಗೆ ಹೋಗಿ ಯಾರದೋ ಬಾವಿಯ ಎಂಜಿನ್ನಿನ ಮುಂದೆ ಕೂತಿದ್ದರೂ ಅಷ್ಟೇ. ಎರಡು ಕೂಗಿನ ಮೇಲೆ ಬರುವ ಮೌನ ಕೂಗಿಗಿಂತ ಕೆಟ್ಟದು. ಮೂರನೆಯದಕ್ಕಾಗಿ ಅವನ ಮೈಯೆಲ್ಲ ಕಿವಿಯಾಗಿ ಬೆವರುತ್ತಿತ್ತು. ಕೊನೆಗೆ ಒಂದು ಉಪಾಯ ಕಂಡುಕೊಂಡ. ಆ ಹೊತ್ತಿಗೆ ರಿಪೇರಿಗೆ ಬಂದ ಯಾವುದಾದರೂ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವಿ ಚಾಲು ಮಾಡಿ ಅದರ ಬದಿಗೆ ಕೂತುಬಿಡುತ್ತಿದ್ದ. ಓಣಿಯ ಮಂದಿ ಹೊಗೆಗೂ ಸದ್ದಿಗೂ ಶಾಪ ಹಾಕಿದರು.

ಎಪ್ಪತ್ತಾರರ ಬೇಸಿಗೆಯಲ್ಲಿ ಅವನು ಮುದ್ದೇಬಿಹಾಳದ ಕಡೆಗೆ ಒಂದು ಕಲ್ಲು ಒಡೆಯುವ ಯಂತ್ರದ ರಿಪೇರಿಗೆ ಹೋದ. ಅಲ್ಲಿ ಕೃಷ್ಣಾ ದಂಡೆಯಲ್ಲಿ, ಒಬ್ಬ ಗುತ್ತಿಗೆದಾರನ ಕಲ್ಲಿನ ಅಡ್ಡೆಯಲ್ಲಿ, ಒಂದು ಹಳೆಯ ಬೋಟು ಬೋರಲು ಬಿದ್ದಿತ್ತು. ಕಟ್ಟಿಗೆಯದು, ಆರು ಮಂದಿ ಕೂರುವಂಥದು, ಹಿಂದೆ ನೇತುಹಾಕುವ ಸಣ್ಣ ಎಂಜಿನ್ನು. ಗುತ್ತಿಗೆದಾರನಿಗೆ ಅದರ ಕೆಲಸ ಮುಗಿದಿತ್ತು, ಮಾರುತ್ತಾರೆ ಎಂದು ತಿಳಿಯಿತು. ಮನೆಗೆ ಬಂದು ರೋಷನಬಿಯ ಮುಂದೆ ಹೇಳಿದ.

“ಇನ್ನ ಮ್ಯಾಲೆ ಆಚಿ ದಂಡ್ಯಾಗ ಯಾರೂ ಕಾಯಬಾರ್ದು. ಹತ್ತು ನಿಮಿಷದಾಗ ಹೋಗಿ ಕರ್ಕೊಂಡು ಬರಬಹುದು.”

ರೋಷನಬಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. “ಅದು ಮಂದಿಗೆ ಹೇಳೂ ಮಾತು. ನನಗ ಖರೇ ಹೇಳ್ರಿ.”

ಅವನು ಒಲೆಗೆ ಒಂದು ಕಟ್ಟಿಗೆ ನೂಕಿದ. “ಅದರ ಸಪ್ಪಳ ಭಾಳ ದೊಡ್ಡದು,” ಎಂದ. “ಅದರಾಗ ಕೂತ್ರ ಏನೂ ಕೇಳೂದಿಲ್ಲ.”

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಮರುದಿನ ಅವನ ಬುತ್ತಿ ಕಟ್ಟಿದಳು.

ಬೋಟು ನೋಡಲು ಖಂಡೆಪ್ಪನನ್ನೂ ಕರೆದುಕೊಂಡು ಹೋದ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕು ಎನ್ನುತ್ತಾರೆ, ಇದಂತೂ ಹೊಳೆಗೇ ಇಳಿಸುವ ಸಾಮಾನು. ಗುತ್ತಿಗೆದಾರನ ಗುಮಾಸ್ತ ಬಸಂತರಾಯ ಬೋಟಿನ ಬಣ್ಣವನ್ನು ಹೊಗಳಿದ, ಅದರಲ್ಲಿ ದೊಡ್ಡ ದೊಡ್ಡ ಸಾಹೇಬರು ಕೂತಿದ್ದರೆಂದು ಹೊಗಳಿದ. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಶಾಕಸಾಬ ಎಂಜಿನ್ನಿನ ಹಗ್ಗ ಎಳೆದು, ಕಣ್ಣು ಮುಚ್ಚಿ ಕೇಳಿದ. ಖಂಡೆಪ್ಪ ಎಂಜಿನ್ನಿನ ಕಡೆ ತಿರುಗಿಯೂ ನೋಡದೆ ಹಲಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದ, ಸಂದಿಗಳಿಗೆ ಮೂಗು ಹಚ್ಚಿದ, ಅಡಿಯಲ್ಲಿ ತೂರಿ ಅಂಗಾತ ಮಲಗಿ ನೋಡಿದ.

“ಎಲ್ಲಾ ಖರೇರಿ, ಇದಕ್ಕ ಬ್ರೇಕ್ ಎಲ್ಲೈತಿ?” ಎಂದು ಮಶಾಕಸಾಬ ಕೇಳಿದ.

ಬಸಂತರಾಯ ನಗು ತಡೆದುಕೊಂಡ. “ಮಿಸ್ತ್ರೀ, ನೀರಾಗ ಬ್ರೇಕ್ ಇರೂದಿಲ್ಲ. ಎಂಜಿನ್ ಬಂದ್ ಮಾಡಿದ ಮ್ಯಾಲೂ ಅದು ತನ್ನಷ್ಟಕ್ಕ ತಾ ಹೋಗತಿರ್ತೈತಿ.”

ಮಶಾಕಸಾಬನಿಗೆ ಆ ಮಾತು ಹಿಡಿಸಲಿಲ್ಲ. ಆದರೂ ವ್ಯವಹಾರ ಕುದುರಿತು. ತನ್ನ ಕೈಯಾರೆ ಹೊಸದರಂತೆ ಮಾಡಿದ್ದ ಒಂದು ಪಂಪಿನ ಎಂಜಿನ್ನು ಕೊಟ್ಟು, ಮೇಲೊಂದಿಷ್ಟು ರೊಕ್ಕ ಎಣಿಸಿ ಬೋಟು ತನ್ನದು ಮಾಡಿಕೊಂಡ.

ಖಾಲಿ ಲಾರಿಯೊಂದರಲ್ಲಿ ಅದನ್ನು ಹೇರಿಕೊಂಡು ಬಂದದ್ದು ಒಂದು ಮೆರವಣಿಗೆಯೇ ಆಯಿತು. ಬಸವನ ಬಾಗೇವಾಡಿಯ ಸಂತೆಯವರು ಲಾರಿ ಸುತ್ತುಗಟ್ಟಿದರು. ಕುಡಿಯುವ ನೀರಿಗೇ ಗತಿಯಿಲ್ಲದ ಮೇ ತಿಂಗಳಲ್ಲಿ ಬೋಟು ಯಾಕೆ, ಜಲಪ್ರಳಯ ಆಗುವ ಸುದ್ದಿ ಸರಕಾರ ನಮಗೆ ಹೇಳಿಲ್ಲವಲ್ಲ ಎಂದು ಒಬ್ಬ ಕೇಳಿದ. ಮಶಾಕಸಾಬನೂ ನಕ್ಕ. ಎಷ್ಟು ದಿನದ ಮೇಲೆ ನಕ್ಕನೋ. ಆದರೆ ಸಿಂದಗಿ ಸೀಮೆಯ ಕನ್ನೊಳ್ಳಿಯ ಹತ್ತಿರ ಗಾಲಿ ಪಂಕ್ಚರಾಗಿ ಲಾರಿ ನಿಂತಾಗ, ಸಿದ್ದಲಿಂಗವ್ವ ಎಂಬ ಮುದುಕಿ ಹೊಲದಿಂದ ಬಂದು ಬೋಟಿನ ಮೈ ಸವರಿ ನೋಡಿದಳು. ಗೌರಿಹುಣ್ಣಿಮೆಯ ಆರತಿಯನ್ನು ನೋಡುವಷ್ಟು ಭಕ್ತಿ ಅವಳ ಮುಖದಲ್ಲಿತ್ತು.

“ಚಲೋ ಐತಿ ತಮ್ಮಾ. ಯಾರನ್ನ ಕರಕೊಂಡು ಬರಾಕ ಒಯ್ಯಾಕತ್ತೀದಿ?” ಎಂದು ಕೇಳಿದಳು.

ಅವನು ಪಂಕ್ಚರಾದ ಗಾಲಿಯ ಕಡೆ ತಿರುಗಿಕೊಂಡ. ಖಂಡೆಪ್ಪ ಕೂಡ ತಟ್ಟನೆ ಮುಖ ಆಚೆ ತಿರುಗಿಸಿದ. ಅದು ಯಾಕೆಂದು ಮಶಾಕಸಾಬ ಆಗ ಯೋಚಿಸಲಿಲ್ಲ.

ಊರು ಮುಟ್ಟಿದ ಮರುದಿನ ಖಂಡೆಪ್ಪ ಬೋಟನ್ನು ಹೊಳೆಯ ಮಡುವಿಗೆ ಇಳಿಸಿ, ಕಲ್ಲು ತುಂಬಿ ಮುಳುಗಿಸಿಬಿಟ್ಟ. ಮಶಾಕಸಾಬ ಹೌಹಾರಿದ.

“ಕಾಕಾ, ತಲಿ ಕೆಟ್ಟೈತೇನು? ತೇಲಾಕ ತಂದದ್ದನ್ನ ಮುಳುಗಸ್ತೀಯಲ್ಲೊ!”

“ಒಣಗಿದ ಹಲಗಿ ಬಾಯಿ ಬಿಟ್ಟಾವು. ಎಂಟು ದಿನ ನೀರು ಕುಡದು ಉಬ್ಬಿ ಸಂದಿ ಮುಚ್ಚತಾವು. ಮುಳುಗಿ ಎದ್ದದ್ದ ತೇಲೂದು.”

ಆ ಎಂಟು ದಿನವೂ ಮಶಾಕಸಾಬ ಮಡುವಿನ ದಂಡೆಗೆ ಬಂದು, ನೀರಿನ ಅಡಿಯಲ್ಲಿ ಮಸುಕಾಗಿ ಮಲಗಿದ್ದ ಬೋಟನ್ನು ನೋಡಿಕೊಂಡು ನಿಲ್ಲುತ್ತಿದ್ದ. ಅದು ಬೋಟಿನಂತೆ ಕಾಣುತ್ತಿರಲಿಲ್ಲ. ಅವನಿಗೆ ಏನು ಕಾಣುತ್ತಿತ್ತೆಂದು ನಾನು ಬರೆಯಬೇಕಾಗಿಲ್ಲ.

ಒಂಬತ್ತನೆಯ ದಿನ ಎತ್ತಿ ನೀರು ಚೆಲ್ಲಿದರೆ ಒಂದು ಹನಿಯೂ ಸೋರಲಿಲ್ಲ. ಕಲಿಯುವ ಫಜೀತಿ ಆಮೇಲೆ ಶುರುವಾಯಿತು. ಎಂಜಿನ್ನಿನ ಹಿಡಿಕೆಯನ್ನು ಎಡಕ್ಕೆ ನೂಕಿದರೆ ಬೋಟು ಬಲಕ್ಕೆ ಹೋಗುತ್ತದೆ. ಸೈಕಲ್ಲು ಕಲಿತವನಿಗೆ ಇದು ಶುದ್ಧ ಮೋಸ. ಮೊದಲ ದಿನ ಅಗಸರ ಕಲ್ಲಿಗೆ ಹಾಯಿಸಿದ, ಎರಡನೆಯ ದಿನ ಈಜುವ ಎಮ್ಮೆಗಳ ನಡುವೆ ನುಗ್ಗಿಸಿ ಎಮ್ಮೆಯವನಿಂದ ಮೂರು ತಲೆಮಾರು ಬೈಸಿಕೊಂಡ. ಖಂಡೆಪ್ಪ ಮುಂದೆ ಕೂತು, “ಉಲ್ಟಾ ಹಿಡೀಲೇ, ಉಲ್ಟಾ!” ಎಂದು ಒದರುತ್ತಿದ್ದ. ಮಶಾಕಸಾಬನ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈ ಹಲಗೆ ಬಿಡುತ್ತಿರಲಿಲ್ಲ. ಆದರೂ ಮಳೆಗಾಲ ಹಿಡಿಯುವ ಹೊತ್ತಿಗೆ ನೆಟ್ಟಗೆ ನಡೆಸಲು ಕಲಿತ. ಹಗಲಲ್ಲಿ ಮಂದಿಯನ್ನು ದಾಟಿಸುತ್ತಿದ್ದ. ಆದರೆ ತುಂಬಿದ ಹೊಳೆಗೆ ಖಂಡೆಪ್ಪನಿಲ್ಲದೆ ಒಮ್ಮೆಯೂ ಇಳಿದಿರಲಿಲ್ಲ. ಸಂಜೆಯಾಯಿತೋ, ಬೋಟನ್ನು ದಡಕ್ಕೆ ಕಟ್ಟಿ, ಎಲ್ಲಿಗೂ ಹೋಗದೆ, ಎಂಜಿನ್ನನ್ನು ಸುಮ್ಮನೆ ಚಾಲು ಮಾಡಿ ಕೂರುತ್ತಿದ್ದ. ಎರಡು ಕೂಗೂ ಆ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದವು. ತೇಲಲು ತಂದದ್ದನ್ನು ಈ ಸಲ ಅವನೇ ಮುಳುಗಿಸಲು ಬಳಸುತ್ತಿದ್ದ.

ಭಾದ್ರಪದ ಬಂತು. ಮೂರು ವರ್ಷದ ಹಿಂದಿನಂತೆಯೇ ಹೊಳೆ ಕೆಂಪಾಗಿ ದಡ ತುಂಬಿತು. ಅಂದು ಸಂಜೆ ಎಂಜಿನ್ನಿನ ಹಗ್ಗಕ್ಕೆ ಕೈ ಹಾಕುವುದು ಸ್ವಲ್ಪ ತಡವಾಯಿತು. ಮೊದಲ ಕೂಗು ಬಂದುಬಿಟ್ಟಿತು. “ಹರಗೋಲ ತರ್ರೋ...” ಅದೇ ದನಿ, ಅದೇ ಎತ್ತರದ ಕೊನೆ. ಅವನು ಗಡಿಬಿಡಿಯಿಂದ ಹಗ್ಗ ಸುತ್ತುತ್ತಿರುವಾಗ ಎರಡನೆಯದೂ ಬಂತು. ಹಲ್ಲು ಕಚ್ಚಿ ಹಗ್ಗ ಎಳೆಯಬೇಕು, ಅಷ್ಟರಲ್ಲಿ ಮೂರನೆಯ ಕೂಗು ಬಂತು.

ಕೈ ಅಲ್ಲೇ ನಿಂತಿತು. ಮೂರು ವರ್ಷದಲ್ಲಿ ಒಂದು ದಿನವೂ ಬಾರದಿದ್ದ ಕೂಗು ಅದು. ದಡದ ಮೇಲೆ ಖಂಡೆಪ್ಪ ಕೂತಿದ್ದ.

“ಕಾಕಾ, ಕೇಳ್ತಾ?”

ಖಂಡೆಪ್ಪ ತಲೆ ಎತ್ತಲಿಲ್ಲ. “ಏನೂ ಕೇಳಿಲ್ಲ. ಹೊಳಿ ಭಾಳ ಐತಿ, ಮನಿಗಿ ನಡಿ.”

ಮಶಾಕಸಾಬ ಒಂದು ಗಳಿಗೆ ನಿಂತ. ಜೀವಂತ ಇದ್ದವಳ ಎರಡು ಕೂಗಿಗೆ ಹೋಗದವನು ಸತ್ತವಳ ಮೂರನೆಯದಕ್ಕೂ ಹೋಗದಿದ್ದರೆ ತನ್ನಂಥ ಹೇಡಿ ಇನ್ನೊಬ್ಬನಿಲ್ಲ ಎನಿಸಿತು. ಬೋಟು ಕಟ್ಟಿದ ಹಗ್ಗ ಬಿಚ್ಚಿ ಎಂಜಿನ್ ಚಾಲು ಮಾಡಿದ. ಹಿಂದಿನಿಂದ ಖಂಡೆಪ್ಪ ಏನೋ ಒದರಿದ, ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

ನಡುಹೊಳೆಗೆ ಬಂದಾಗ ತಾನು ಮಾಡಿದ ತಪ್ಪು ಹೊಳೆಯಿತು. ಆಚೆ ದಡ ಮಬ್ಬಾಗಿ ಉದ್ದಕ್ಕೆ ಬಿದ್ದಿದೆ, ಎಲ್ಲಿಗೆ ಹೋಗಬೇಕು? ಕೂಗು ಕೇಳಿದರೆ ತಾನೆ ದಿಕ್ಕು ತಿಳಿಯುವುದು? ಕೇಳಬಾರದೆಂದೇ ತಂದ ಎಂಜಿನ್ನನ್ನು ಅವನು ತನ್ನ ಕೈಯಿಂದಲೇ, ತುಂಬಿದ ಹೊಳೆಯ ನಡುವೆ ಬಂದ್ ಮಾಡಿದ. ಬ್ರೇಕಿಲ್ಲದ ಬೋಟು ತನ್ನಷ್ಟಕ್ಕೆ ತಾನು ಕೆಳಕ್ಕೆ ಹೋಗತೊಡಗಿತು. ಹಲಗೆಯ ಅಡಿಯಲ್ಲಿ ನೀರು ತಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಎದ್ದು ನಿಂತ. ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಕ್ಷರ ಹೊರಗೆ ಬಂತು.

“ಓ... ಕೇಳ್ತು! ಬರಾಕತ್ತೇನಿ! ದಂಡಿ ಬಿಟ್ಟು ಹಿಂದ ಸರಿ!”

ಮೊದಲು ಒಂದು ಆಡು ಬ್ಯಾ ಎಂದಿತು. ಅದರ ಹಿಂದೆ ಒಡೆದ ಬಿದಿರು ತಿಕ್ಕಿದಂಥ ಒಂದು ದನಿ, “ಸರದೇನೋ ಯಪ್ಪಾ! ನಾನೂ ಸರದೇನಿ, ಆಡೂ ಸರದೈತಿ!” ಎಂದಿತು.

ಮಶಾಕಸಾಬ ಧೊಪ್ಪನೆ ಕೂತ. ಅದು ಅಬಿದಾ ಅಲ್ಲ. ಸತ್ತವರು ಆಡು ಕಟ್ಟಿಕೊಂಡು ತಿರುಗುವುದಿಲ್ಲ. ನಗು, ಅಳು ಎರಡೂ ಒಟ್ಟಿಗೆ ಬಂದವು. ನಾಲ್ಕು ಸಲ ಹಗ್ಗ ಎಳೆದ ಮೇಲೆ ಎಂಜಿನ್ನು ಹಿಡಿಯಿತು.

ದಂಡೆಯಲ್ಲಿದ್ದವಳು ಮಗಳ ಮನೆಗೆ ಹೊರಟ ಬಾಳಮ್ಮ ಎಂಬ ಮುದುಕಿ. ಅವಳನ್ನೂ ಆಡನ್ನೂ ಹತ್ತಿಸಿಕೊಳ್ಳುವಾಗ ನೋಡಿದ. ಅವಳು ಮೊದಲು ನಿಂತಿದ್ದ ಜಾಗದಲ್ಲಿ, ಅವಳ ಹೆಜ್ಜೆಯ ಹಿಂದೆ, ಎರೆಮಣ್ಣು ಗೇಣಗಲ ಬಿರುಕು ಬಿಟ್ಟಿತ್ತು.

“ನೀ ಮೂರು ಸಲ ಕೂಗಿದ್ದು ಚಲೋ ಆತವ್ವಾ,” ಎಂದ.

“ನಾ ಎಲ್ಲಿ ಕೂಗೇನೋ ಮಗನ?” ಎಂದಳು ಬಾಳಮ್ಮ. “ಗಂಟಲ ಬಿದ್ದು ಮೂರು ದಿನಾತು. ಸೆರಗರ ಬೀಸೂಣು, ಕಂಡೀತು ಅಂತ ತುದೀಗಿ ಬಂದು ನಿಂತಿದ್ದೆ. ಅಷ್ಟರಾಗ ನೀನ ಒದರಿದಿ.”

ಬರುವ ದಾರಿಯುದ್ದಕ್ಕೂ ಅವನು ಹಿಂದಿರುಗಿ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

ಈಚೆ ದಡದಲ್ಲಿ ಖಂಡೆಪ್ಪ ಸೊಂಟದವರೆಗೆ ನೀರಿಗಿಳಿದು ನಿಂತಿದ್ದ. ಬೋಟು ಹಿಡಿದು ನಿಲ್ಲಿಸಿದ. ಬಾಳಮ್ಮ ಆಡಿನೊಂದಿಗೆ ಮೇಲೆ ಹೋದ ನಂತರ, ಬೋಟಿನ ಹಲಗೆ ಬಿಡದೆಯೇ ಹೇಳಿದ.

“ನನಗೂ ಕೇಳಿತ್ತು ಮಶಾಕ. ಮೂರೂ ಕೇಳಿದ್ವು.”

“ಮತ್ತ ಕೇಳಿಲ್ಲ ಅಂದಿ?”

“ಅವತ್ತೂ ಕೇಳಿತ್ತು. ಆಕೀದ ದನಿ ಅಂತ ಅವತ್ತೂ ಗೊತ್ತಿತ್ತು. ನೂರು ಸಲ ದಾಟಿಸಿದ ಹುಡುಗಿ, ಗೊತ್ತಾಗೂದಿಲ್ಲೇನು? ತೊಗಲು ಸೋರಾಕತ್ತಿತ್ತು, ನಾ ಜೀವಕ್ಕ ಅಂಜಿದ್ದೆ. ನೀ ಅಲ್ಲ ಅಂತಿ ಅನ್ನೂದು ನನಗ ಗೊತ್ತಿತ್ತು, ಅದಕ್ಕ ನಿನ್ನ ಕೇಳಿದೆ. ದಿನಾ ಸಂಜೀಕ ನೀ ಎಂಜಿನ್ ಚಾಲೂ ಮಾಡಿದ್ರ ನನಗೂ ಆರಾಮ ಅನಸ್ತಿತ್ತು.”

ಮೂರು ವರ್ಷ ಒಂದೇ ದಡದಲ್ಲಿ ಬೀಡಿ ಹಂಚಿಕೊಂಡು ಸೇದಿದವರು, ಒಂದೇ ಕೂಗನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದರು. ಮಶಾಕಸಾಬನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೈ ಚಾಚಿ ಮುದುಕನನ್ನು ನೀರಿನಿಂದ ಮೇಲಕ್ಕೆಳೆದುಕೊಂಡ.

ಅಂದಿನಿಂದ ಆ ಕೂಗು ಇಬ್ಬರಿಗೂ ಕೇಳಲಿಲ್ಲ. ಬೇಡ ಬೇಡ ಎಂದು ಮೂರು ವರ್ಷ ಓಡಿದವನು ಈಗ ಅದಕ್ಕಾಗಿ ಕಿವಿ ತೆರೆದು ಕಾಯುವಂತಾದ. ದಿನವೂ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬೋಟು ತೆಗೆದುಕೊಂಡು ನಡುಹೊಳೆಗೆ ಹೋಗುತ್ತಿದ್ದರು. ಮಶಾಕಸಾಬ ಎಂಜಿನ್ ಬಂದ್ ಮಾಡುತ್ತಿದ್ದ. ಆಚೆ ದಡದಲ್ಲಿ ಯಾರೂ ಇರದಿದ್ದರೂ, ಯಾರೂ ಕೂಗದಿದ್ದರೂ, ಎದ್ದು ನಿಂತು ಆ ಕಡೆಗೆ ಓಗೊಡುತ್ತಿದ್ದ.

“ಓ... ಕೇಳ್ತವಾ ತಂಗೀ. ದಂಡಿ ಬಿಟ್ಟು ಹಿಂದ ಸರಿ.”